ಅಣ್ಣಮ್ಮ ಬಡಿಸಿದ ಒರತೆ

ಅಣ್ಣಮ್ಮನ ಬಾಯಿಂದ ಒಂದು ನಿಜ ಹೊರಡಿಸುವುದಕ್ಕಿಂತ ಬಂಡೆಯಿಂದ ಒಂದು ಚೆಂಬು ನೀರು ಹೊರಡಿಸುವುದು ಸುಲಭ ಎಂದು ಅವಳ ಗಂಡ ಮುನಿನಾರಾಯಣಪ್ಪ ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದ. ಹಾಗೆಂದು ಅವಳೇನೂ ಕೆಟ್ಟ ಸುಳ್ಳುಗಾತಿಯಲ್ಲ. ಯಾರ ಮನೆಯನ್ನೂ ಮುರಿದವಳಲ್ಲ, ಯಾರ ಅನ್ನಕ್ಕೂ ಮಣ್ಣು ಹಾಕಿದವಳಲ್ಲ. ನೆಟ್ಟಗಿರುವ ಮಾತನ್ನು ತುಸು ಸೊಟ್ಟಗೆ ಮಾಡಿ ಎದುರಿನವರ ಮುಖ ನೋಡುವ ಚಟ, ಅಷ್ಟೆ.

ಕೆ.ಆರ್. ಪುರದ ಹಳೇ ಊರಿನಲ್ಲಿ ಅವರದು ಮೂರಂತಸ್ತಿನ ಮನೆ. ಒಂದು ಕಾಲದಲ್ಲಿ ಅದೇ ಜಾಗದಲ್ಲಿ ಅವಳು ರಾಗಿ ಕಳೆ ಕಿತ್ತಿದ್ದಳು. ಈಗ ಅಲ್ಲಿ ಬಾಡಿಗೆದಾರರು ಬೆಳೆದು ನಿಂತಿದ್ದರು. ಮನೆ ನೋಡಲು ಬಂದ ಹುಡುಗರಿಗೆ ಅವಳು, "ಮೇಲಿನ ಮನೇಲಿ ಮುಂಚೆ ಒಬ್ಬ ಪೊಲೀಸಪ್ಪ ಇದ್ದ. ಅವನು ಹೋದರೂ ಅವನ ಲಾಠಿ ಮಾತ್ರ ಟಕ್ ಟಕ್ ಅಂತ ಓಡಾಡ್ತಾನೇ ಐತೆ. ನಿಮಗೇನು ಭಯ ಗಿಯ ಇಲ್ಲ ಅಲ್ವಾ?" ಎಂದು ಕೇಳಿ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಾಗ ಒಳಗೆ ಹೋಗಿ ಬಾಯಿಗೆ ಸೆರಗು ಹಿಡಿದು ನಕ್ಕು, ಆಮೇಲೆ ಕಾಫಿ ತಂದುಕೊಟ್ಟು ಬೀಗದ ಕೈ ಕೊಡುತ್ತಿದ್ದಳು.

ಅವಳ ಆಟಕ್ಕೆ ಜಗ್ಗದೆ ಉಳಿದ ಬಾಡಿಗೆದಾರ ಒಬ್ಬರೇ, ಎರಡನೇ ಮಹಡಿಯ ವೆಂಕಟಸುಬ್ಬಯ್ಯ. ಹತ್ತಿರದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಕೂದಲೆಳೆಯ ದಪ್ಪವನ್ನೂ ಅಳೆದು ನೋಡಿದ ಮೇಲೆಯೇ ಅದು ಕೂದಲು ಎಂದು ಒಪ್ಪುವ ಜಾತಿ. ಲಾಠಿಯ ಕಥೆ ಕೇಳಿ ಅವರು ಹೆದರಲಿಲ್ಲ. "ಅದು ಲಾಠಿಯಲ್ಲ ಅಣ್ಣಮ್ಮನವರೇ, ನಿಮ್ಮ ಮೋಟಾರಿನ ಬೇರಿಂಗ್ ಹೋಗಿದೆ" ಎಂದರು. ಬಿಚ್ಚಿ ನೋಡಿದರೆ ಬೇರಿಂಗ್ ನಿಜವಾಗಿಯೂ ಹೋಗಿತ್ತು. ತಾನು ಕಟ್ಟಿದ ಸುಳ್ಳು ನಿಜವಾಗಿ ಎದುರು ನಿಂತದ್ದು ಅಣ್ಣಮ್ಮನಿಗೆ ಅದೇ ಮೊದಲು. ಅಂದಿನಿಂದ ಅವರ ಮೇಲೆ ಅವಳಿಗೆ ಒಂದು ಥರದ ಗೌರವ, ಅವರಿಗೆ ಅವಳನ್ನು ಕಂಡರೆ ಒಂದು ಥರದ ದಿಗಿಲು.

ಆ ಬೇಸಿಗೆಯಲ್ಲಿ ಮೊಮ್ಮಗಳು ಹಂಸಳ ಹುಟ್ಟುಹಬ್ಬಕ್ಕೆ ಅಣ್ಣಮ್ಮ ತವರಿನವರನ್ನೆಲ್ಲ ಕರೆದಿದ್ದಳು. ತವರು ಎಂದರೆ ಹೊಸಕೋಟೆ ದಾಟಿ ಒಳಗೆ ಹೋದರೆ ಸಿಗುವ ಸೊಣ್ಣಕುಂಟೆ. ಬೆಳಗ್ಗೆ ತಮ್ಮನ ಹೆಂಡತಿ ಯಮುನಾ ಫೋನ್ ಮಾಡಿದಳು.

"ಅತ್ಗೆ, ಬರಕಾಗಲ್ಲ. ಇವತ್ತು ಟ್ಯಾಂಕರ್ ಬರೋ ದಿನ. ನಾನಿಲ್ಲ ಅಂದ್ರೆ ನಮ್ಮ ಡ್ರಮ್ಮು ಖಾಲಿ."

"ಟ್ಯಾಂಕರ್ ನಿನ್ನ ಗಂಡನೇನೇ, ಬಾಗಿಲು ತೆಗಿಯಕ್ಕೆ ನೀನೇ ಇರಬೇಕು ಅನ್ನಕ್ಕೆ?"

"ಗಂಡನಾದ್ರೆ ಯಾವಾಗ ಬರ್ತಾನೆ ಅಂತಾದ್ರೂ ಗೊತ್ತಿರ್ತಿತ್ತು ಅತ್ಗೆ" ಎಂದು ಯಮುನಾ ಫೋನಿಟ್ಟಳು.

ಅಣ್ಣಮ್ಮನಿಗೆ ಕೇಕು ರುಚಿಸಲಿಲ್ಲ. ಸೊಣ್ಣಕುಂಟೆಯ ಹಳ್ಳದ ಮರಳಿನಲ್ಲಿ ಕೂತು, ಕೈಯಲ್ಲೇ ಗುಳಿ ತೋಡಿ, ಒರತೆ ತುಂಬಿಕೊಳ್ಳುವವರೆಗೂ ಗೆಳತಿಯರ ಜಡೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಆಮೇಲೆ ಚಿಪ್ಪಿನಲ್ಲಿ ನೀರು ಮೊಗೆದು ಬಿಂದಿಗೆ ತುಂಬಿಸಿ ಬೆಳೆದವಳು ಅವಳು. ಅಂಥ ಊರಿನಲ್ಲಿ ಈಗ ನೀರಿಗೆ ಟ್ಯಾಂಕರು! ಸಾವಿರ ಅಡಿ ಕೊರೆದ ಬೋರು ಧೂಳು ಉಗುಳಿ ಸುಮ್ಮನಾಗಿ ವರ್ಷಗಳಾಗಿದ್ದವು.

ಮಾರನೆಯ ದಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಹಂಸಳಿಗೆ ಎಳನೀರು ಕೊಡಿಸುತ್ತಾ ನಿಂತಿದ್ದಾಗ ಅವಳ ಕಣ್ಣು ಸ್ಟ್ರಾ ಮೇಲೆ ಬಿತ್ತು. ಕಾಯಿ ಒಡೆಯಲಿಲ್ಲ, ಬಗ್ಗಿಸಲಿಲ್ಲ. ಒಂದು ಕೊಳವೆ ಚುಚ್ಚಿದರೆ ಒಳಗಿನ ನೀರು ಹುಡುಗಿಯ ಬಾಯಿಗೆ ಬರುತ್ತಿತ್ತು. ಅಣ್ಣಮ್ಮ ಸೀದಾ ಮನೆಗೆ ಬಂದು ಎರಡನೇ ಮಹಡಿ ಹತ್ತಿದಳು.

"ಸುಬ್ಬಯ್ಯನೋರೇ, ಮರಳಿಗೆ ಸ್ಟ್ರಾ ಹಾಕ್ಬೋದಾ?"

ಪೇಪರ್ ಓದುತ್ತಿದ್ದ ವೆಂಕಟಸುಬ್ಬಯ್ಯ ಕನ್ನಡಕ ತೆಗೆದರು. ಇದೂ ಯಾವುದೋ ಕೀಟಲೆಯೇ ಇರಬೇಕೆಂದು ಒಂದು ಗಳಿಗೆ ಕಾದರು. ಅವಳು ನಗಲಿಲ್ಲ.

"ಹಾಕಬಹುದು" ಎಂದರು ನಿಧಾನಕ್ಕೆ. "ನನ್ನನ್ನ ಒಂದ್ಸಲ ಉತ್ತರದ ಕಡೆ ಕಾರ್ಖಾನೆಗೆ ಹಾಕಿದ್ರು. ಅಲ್ಲಿ ಗಂಗೆ ಬಯಲಲ್ಲಿ ಮನೆ ಮನೆಗೂ ಅದೇ. ಪೈಪಿನ ತುದಿಗೆ ಉಕ್ಕಿನ ಮೊನೆ, ಮೊನೆ ಮೇಲೆ ತೂತುಗಳು, ತೂತಿಗೆ ಜಾಲರಿ. ಭೂಮಿಗೆ ಬಡಿದು ಇಳಿಸ್ತಾರೆ. ಮೇಲೊಂದು ಕೈಪಂಪು ಕೂರಿಸಿದ್ರೆ ಆಯ್ತು. ಆದ್ರೆ ಮರಳೋ ಮೆತ್ತನೆ ಮಣ್ಣೋ ಇರಬೇಕು. ನೀರು ಮೇಲೇ ಇರಬೇಕು. ನಮ್ಮ ಕಡೆ ಕೆಳಗೆಲ್ಲ ಬಂಡೆ, ಆಗಲ್ಲ."

"ಬಂಡೆ ಮೇಲೆ ಏನೈತೆ?"

"ಮಣ್ಣು. ಹಳ್ಳದ ಕಡೆ ಮರಳು ಇರಬಹುದು."

"ಅಲ್ಲಿಗೇ ಸಾಕು. ಬಂಡೆ ಮನೆಗೆ ನಾನ್ಯಾಕೆ ಹೋಗ್ಲಿ?"

ಆ ವಾರವೇ ಇಬ್ಬರೂ ಶಿವಾಜಿನಗರದ ಗುಜರಿ ಗಲ್ಲಿಗೆ ಹೋದರು. ಅಲ್ಲಿ ಜಹನಾರಾ ಎಂಬಾಕೆಯದು ಹಳೇ ಕಬ್ಬಿಣದ ಅಂಗಡಿ, ಪಕ್ಕದಲ್ಲೇ ಕಬ್ಬಿಣ ಕಡೆಯುವ ಒಂದು ಲೇತು. ವೆಂಕಟಸುಬ್ಬಯ್ಯ ಬೆರಳಿನಲ್ಲೇ ಗಾಳಿಯಲ್ಲಿ ಚಿತ್ರ ಬರೆದು ಮೊನೆ ಹೇಗಿರಬೇಕೆಂದು ವಿವರಿಸಿದರು. ಜಹನಾರಾ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು.

"ಕ್ಯಾ ಅಮ್ಮಾ, ಯಾರ ಮೇಲೆ ಯುದ್ಧ?"

"ಟ್ಯಾಂಕರ್‌ನವರ ಮೇಲೆ" ಎಂದಳು ಅಣ್ಣಮ್ಮ.

"ಹೌದಾ? ನಮ್ ಗಲ್ಲೀಗೂ ಒಂದ್ ಮಾಡ್ಸು ಮತ್ತೆ" ಎಂದು ನಕ್ಕು ಜಹನಾರಾ ಒಂದು ಹಳೇ ಆಕ್ಸಲ್ ತುಂಡನ್ನು ಹುಡುಕಿ ತೆಗೆದಳು. ಲೇತಿಗೆ ಕೊಟ್ಟು ಮೊನೆ ಮಾಡಿಸಿದಳು. ತೂತು ಕೊರೆದ ಕೊಳವೆಗೆ ಹಿತ್ತಾಳೆಯ ಜಾಲರಿ ಸುತ್ತಿಸಿ, ಮೊನೆಯನ್ನು ಅದರ ತುದಿಗೆ ಬೆಸುಗೆ ಹಾಕಿಸಿದಳು. ಪೈಪುಗಳನ್ನೂ, ಬಡಿಯಲು ದಮ್ಮಸಿನಂಥ ಎರಡು ಹಿಡಿಯ ತೂಕದ ಕಬ್ಬಿಣವನ್ನೂ, ಒಂದು ಕೈಪಂಪನ್ನೂ ಟೆಂಪೋದಲ್ಲಿ ಕಳಿಸುತ್ತೇನೆಂದಳು. ಆದರೆ ಮೊನೆಯನ್ನು ಬಿಟ್ಟು ಬರಲು ಅಣ್ಣಮ್ಮನಿಗೆ ಮನಸ್ಸಾಗಲಿಲ್ಲ. ಅದನ್ನು ಕೈಚೀಲಕ್ಕೆ ತುರುಕಿ, ಆಟೋ ಹಿಡಿದು, ಹಲಸೂರಿನ ಮೆಟ್ರೋ ನಿಲ್ದಾಣಕ್ಕೆ ಬಂದಳು.

ಚೀಲ ತಪಾಸಣೆಯ ಯಂತ್ರದೊಳಗೆ ಹೋದದ್ದೇ ತಡ, ಕಾವಲಿನ ಬಸು ಎಂಬ ಹುಡುಗ ಎದ್ದು ನಿಂತ. ವಿಜಯಪುರದ ಕಡೆಯವನು.

"ಏನ್ರೀ ಆಯಿ, ಚೀಲದಾಗ ಭರ್ಚಿ ಇಟ್ಕೊಂಡು ಹೊಂಟೀರೇನು?"

"ಭರ್ಚಿ ಅಲ್ಲಪ್ಪ, ಮುನೇಶ್ವರನ ಶೂಲ."

"ಶೂಲಕ್ಕ ಮೂರು ಮೊನಿ ಇರ್ತಾವ್ರಿ. ಇದಕ್ಕ ಒಂದ ಐತಿ."

"ಇನ್ನೆರಡು ಮುಂದಿನ ವಾರ ತಗೊಂಡೋಗ್ತೀನಿ. ಮೂರೂ ಒಂದೇ ಸಲ ತಂದ್ರೆ ನೀವು ಬಿಡಲ್ಲ ಅಲ್ವಾ?"

ಹಿಂದೆ ನಿಂತಿದ್ದ ವೆಂಕಟಸುಬ್ಬಯ್ಯನವರಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಮುಂದೆ ಬಂದು, ಇದು ಶೂಲವಲ್ಲ, ಮರಳಿನಿಂದ ನೀರು ಎಳೆಯುವ ಕೊಳವೆಯ ತುದಿ, ಇದನ್ನು ನೆಲಕ್ಕೆ ಬಡಿಯುತ್ತಾರೆ, ಈ ತೂತುಗಳಿಂದ ನೀರು ಒಳಗೆ ಬರುತ್ತದೆ ಎಂದು ಎಲ್ಲ ನಿಜವನ್ನೂ ಬಿಡಿಸಿ ಹೇಳಿದರು. ಬಸು ಪೂರ್ತಿ ಕೇಳಿ ತಲೆಯಾಡಿಸಿದ.

"ಅಜ್ಜಾರ, ಆಯಿ ಹೇಳಿದ್ದ ಛಲೋ ಇತ್ತು" ಎಂದ.

ಎರಡು ಕಥೆಗೂ ಮೆಟ್ರೋ ಬಾಗಿಲು ತೆರೆಯಲಿಲ್ಲ. ಬಸ್ಸಿನಲ್ಲೇ ಹೋಗಬೇಕಾಯಿತು. ಅಣ್ಣಮ್ಮ ಮೊನೆಗೆ ಟವೆಲ್ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬಗ್ಗಿ ನೋಡಿ, "ಮೊಮ್ಮಗುನಾ? ಮಲಗ್ಬಿಟ್ಟಿದೆಯಾ?" ಎಂದಾಗ, "ಈಗ ತಾನೇ ಕಣ್ಣು ಮುಚ್ಚಿತು, ಶ್!" ಎಂದಳು. ಆ ಹೆಂಗಸು ತಾನಿಳಿಯುವವರೆಗೂ ಫೋನಿನಲ್ಲಿ ಪಿಸುಮಾತಿನಲ್ಲೇ ಮಾತಾಡಿದಳು.

ಮೊದಲ ಪರೀಕ್ಷೆ ಮನೆಯ ಹಿತ್ತಲಿನಲ್ಲೇ ಆಯಿತು. ಕೆರೆಯ ಪಕ್ಕದ ಮಣ್ಣು, ಬೆಣ್ಣೆಗೆ ಚಾಕು ಇಳಿದಂತೆ ಪೈಪು ಇಳಿಯಿತು. ಅಣ್ಣಮ್ಮ ಪಂಪು ಒತ್ತಿದಳು. ನೀರು ಬಂತು. ನೀರಿನ ಜೊತೆ ನೊರೆಯೂ ಬಂತು, ನೊರೆಯ ಹಿಂದೆ ವಾಸನೆಯೂ ಬಂತು. ಬೀದಿಯವರೆಲ್ಲ ಒಗೆದದ್ದು, ತೊಳೆದದ್ದು, ಇನ್ನೂ ಏನೇನೋ ಆ ಬಕೆಟ್ಟಿನಲ್ಲಿತ್ತು. ಒಳಗೆ ಟೀವಿ ಮುಂದೆ ಕೂತಿದ್ದ ಮುನಿನಾರಾಯಣಪ್ಪ ಮೂಗು ಮುಚ್ಚಿಕೊಂಡು, "ಯಾವನೋ ಅವನು ಮೋರಿ ಒಡೆದೋನು?" ಎಂದು ಕೂಗಿದ.

"ನಗರದ ಒಳಗೆ ಇದು ಬೇಡ" ಎಂದರು ವೆಂಕಟಸುಬ್ಬಯ್ಯ ಕರವಸ್ತ್ರದ ಹಿಂದಿನಿಂದ. "ಮೇಲಿನ ನೀರು ಮೇಲಿನವರ ಕೊಳೆಯನ್ನೆಲ್ಲ ಕುಡಿದಿರುತ್ತೆ."

ಪೈಪು ಕಿತ್ತು, ಕುಳಿಗೆ ಜೇಡಿಮಣ್ಣು ತುಂಬಿ ಸಿಮೆಂಟು ಮೆತ್ತಿದರು. ಮೊನೆಯನ್ನು ಎಷ್ಟು ಉಜ್ಜಿದರೂ ಸಾಲದೆಂದು ಸೊಸೆ ಸುಕನ್ಯ ಎರಡು ಸಲ ಫಿನಾಯಿಲ್ ಸುರಿದಳು.

"ಅತ್ತೆ, ಇನ್ನೊಂದ್ಸಲ ಹಿತ್ತಲು ಕುಟ್ಟಿದ್ರೆ ನಾನು ತವರಿಗೆ ಹೋಗ್ಬಿಡ್ತೀನಿ."

"ನೀನ್ಯಾಕಮ್ಮ ಹೋಗ್ತೀಯ? ನಾನೇ ಹೋಗ್ತೀನಿ ನನ್ನ ತವರಿಗೆ" ಎಂದಳು ಅಣ್ಣಮ್ಮ. ಸುಕನ್ಯಳಿಗೆ ಅದು ಕೋಪದ ಮಾತೆನಿಸಿ ಕಣ್ಣು ತುಂಬಿತು. ಅಣ್ಣಮ್ಮ ಆಗಲೇ ಟೆಂಪೋದವನಿಗೆ ಫೋನ್ ಮಾಡುತ್ತಿದ್ದಳು.

ಸೊಣ್ಣಕುಂಟೆಯ ಹಳ್ಳ ಊರಿಗಿಂತ ಮೇಲೆ, ಹೊಲಗಳ ನಡುವೆ ಇತ್ತು. ಮಳೆಗಾಲದಲ್ಲಿ ನಾಲ್ಕು ದಿನ ಹರಿದರೆ ಉಳಿದಂತೆ ಬರೀ ಮರಳು. ಹತ್ತಿರದಲ್ಲಿ ಮನೆಯಿಲ್ಲ, ಮೋರಿಯಿಲ್ಲ, ಪಾಯಖಾನೆಯ ಗುಂಡಿಯಿಲ್ಲ. ವೆಂಕಟಸುಬ್ಬಯ್ಯ ಸುತ್ತ ನಡೆದು ನೋಡಿ ಸರಿ ಎಂದರು. ಹಳ್ಳ ತಿರುಗುವ ಕಡೆ ಒಂದು ಹೊಂಗೆಮರ. ಅಣ್ಣಮ್ಮ ಚಿಕ್ಕವಳಿದ್ದಾಗ ಒರತೆ ತೋಡುತ್ತಿದ್ದದ್ದು ಅದರ ಕೆಳಗೇ. ಬೇಸಿಗೆಯಲ್ಲೂ ಆ ಮರ ಹಸಿರಾಗಿತ್ತು.

ಆದರೆ ಊರಿನವರು ಮುಟ್ಟಲು ಬರಲಿಲ್ಲ.

"ಸಾವಿರ ಅಡಿಗೆ ಬರದ ನೀರು ಇಪ್ಪತ್ತು ಅಡಿಗೆ ಬರ್ತದಾ ಅಣ್ಣಮ್ಮಕ್ಕ?" ಎಂದರು.

"ಕೆಳಗಿನ ಮನೆ ಖಾಲಿ ಇದ್ರೆ ಮೇಲಿನ ಮನೇನೂ ಖಾಲಿ ಇರಬೇಕು ಅಂತ ಐತಾ? ಬಾಡಿಗೆ ಮನೆ ಕಟ್ಸಿದೋಳು ನಾನು, ನಂಗೊತ್ತು" ಎಂದಳು. ಎಲ್ಲರೂ ನಕ್ಕರು, ಒಬ್ಬರೂ ಏಳಲಿಲ್ಲ.

ಕಾರಣ ಬೇರೆಯೇ ಇತ್ತು. ಅದರ ಹೆಸರು ನಿಂಗಣ್ಣ. ಅಣ್ಣಮ್ಮನ ಓರಗೆಯವನು, ಶಾಲೆಯಲ್ಲಿ ಅವಳ ಪಕ್ಕದ ಸಾಲಿನಲ್ಲಿ ಕೂತವನು. ಈಗ ಸುತ್ತಿನ ಊರುಗಳಿಗೆಲ್ಲ ನೀರು ನೋಡುವವನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ಸೆಲೆ ಸಿಕ್ಕಿದ ಕಡೆ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೆ. ಹಳ್ಳದಲ್ಲಿ ನೀರಿಲ್ಲ ಎಂದು ಬಹಳ ಹಿಂದೆಯೇ ಅವನ ಕಾಯಿ ಮಲಗಿಕೊಂಡೇ ಹೇಳಿಬಿಟ್ಟಿತ್ತು. ಕಾಯಿ ಮಲಗಿದ ಜಾಗದಲ್ಲಿ ಬೆವರು ಸುರಿಸಲು ಊರಿನವರಿಗೆ ಹುಚ್ಚೇ?

ಅಣ್ಣಮ್ಮ ವಾದ ಮಾಡಲಿಲ್ಲ. ಅರಳಿಕಟ್ಟೆಯ ಮೇಲೆ ಎಲ್ಲರೆದುರಿಗೆ, "ನಿಂಗಣ್ಣನ ಮಾತು ಸರಿ. ಹಳ್ಳದಲ್ಲಿ ಬೇಡ. ಗುಡಿ ಹಿಂದಿನ ದಿಬ್ಬದ ಮೇಲೆ ಹಾಕ್ತೀನಿ. ಕನಸು ಬಿದ್ದೈತೆ" ಎಂದಳು. ಆಮೇಲೆ ನಲ್ಲಿಯ ಹತ್ತಿರ ಖಾಲಿ ಕೊಡದ ಸಾಲಿನಲ್ಲಿ ನಿಂತು ಯಮುನಾಳ ಕಿವಿಗೆ ಬಾಯಿಟ್ಟು ಗುಟ್ಟು ಹೇಳಿದಳು. ನಿಂಗಣ್ಣನ ಹೆಂಡತಿ ಮೂರನೆಯವಳಾಗಿ ನಿಂತಿದ್ದಳು, ಗುಟ್ಟು ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಆ ಹೊಂಗೆಮರದ ತಿರುವು ಒಂದು ಬಿಟ್ಟು ಅವನು ಎಲ್ಲಿ ಬೇಕಾದ್ರೂ ಕಾಯಿ ಹಿಡೀಲಿ ಕಣೇ. ಅಲ್ಲೇನಾದ್ರೂ ಕಾಯಿ ನಿಂತ್ರೆ ನನ್ನ ಕನಸಿನ ಮಾನ ಏನಾಗ್ಬೇಕು? ಊರೆಲ್ಲ ಅವನ ಹಿಂದೆ ಹೋಗುತ್ತೆ. ನಾನು ಪೈಪು ಹೊತ್ಕೊಂಡು ವಾಪಸ್ ಹೋಗ್ಬೇಕಾಗುತ್ತೆ!"

ಮರುದಿನ ಬೆಳಗ್ಗೆ ನಿಂಗಣ್ಣ ಮಿಂದು, ವಿಭೂತಿ ಬಳಿದು, ಕಾಯಿ ಹಿಡಿದು ಬೀದಿಗಿಳಿದ. ಹಿಂದೆ ಊರು. ಮೊದಲು ದಿಬ್ಬದ ಮೇಲೆ ನಡೆದ. ಕಾಯಿ ಉಂಡು ಮಲಗಿದವನಂತೆ ಬಿದ್ದಿತ್ತು. "ಕನಸಂತೆ!" ಎಂದು ಅಣ್ಣಮ್ಮನ ಕಡೆ ಕಣ್ಣು ಬಿಟ್ಟು, ಹಳ್ಳಕ್ಕಿಳಿದ. ಮರಳಿನಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು, ಆಕಾಶ ನೋಡಿ, ಹೊಂಗೆಮರದ ಹತ್ತಿರ ಹತ್ತಿರ ಬಂದ.

"ಅಯ್ಯೋ ಆ ಕಡೆ ಬೇಡ ನಿಂಗಣ್ಣ! ಮುಳ್ಳೈತೆ!" ಎಂದು ಅಣ್ಣಮ್ಮ ಕೂಗಿಕೊಂಡಳು.

ಕಾಯಿ ಎದ್ದು ನಿಂತಿತು.

ಜನ ಹೋ ಎಂದರು. ಅಣ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಪಾಪ, ಅಳುತ್ತಿದ್ದಾಳೆ ಎಂದು ಇಬ್ಬರು ಹೆಂಗಸರು ಬೆನ್ನು ಸವರಿದರು.

ವೆಂಕಟಸುಬ್ಬಯ್ಯ ಹತ್ತಿರ ಬಂದು ಮೆಲ್ಲಗೆ, "ಅಣ್ಣಮ್ಮನವರೇ, ಇದು ವಿಜ್ಞಾನ ಅಲ್ಲ" ಎಂದರು.

"ನಿಮ್ಮ ವಿಜ್ಞಾನ ಬಂದು ಕರೆದಿದ್ರೆ ಇಷ್ಟು ಜನ ಬರ್ತಿದ್ರಾ? ಸುಮ್ನೆ ಪೈಪು ಜೋಡಿಸಿ."

ಪೈಪು ನಿಂತಿತು. ಎರಡು ಕಡೆ ಇಬ್ಬರು ಹಿಡಿಯಬೇಕು, ತೂಕವನ್ನು ಎತ್ತಿ ಪೈಪಿನ ತಲೆಯ ಮೇಲೆ ಬಿಡಬೇಕು. ತಲೆ ಹಾಳಾಗದಂತೆ ಅದಕ್ಕೊಂದು ಕಬ್ಬಿಣದ ಟೋಪಿ. ಗಂಡಸರು ಶುರು ಮಾಡಿದರು, ಬೇಗ ಸುಸ್ತಾದರು. ಆಗ ಅಣ್ಣಮ್ಮ ಹೆಂಗಸರನ್ನು ಕರೆದಳು. ಪ್ರತಿ ಏಟಿಗೂ ಒಬ್ಬೊಬ್ಬರು ತಮಗೆ ಬೇಕಾದವರ ಹೆಸರು ಹೇಳಿ ಬಡಿಯಬೇಕು ಎಂದು ನಿಯಮ ಮಾಡಿದಳು.

"ಇದು ಟ್ಯಾಂಕರ್ ಡ್ರೈವರ್‌ಗೆ!" ಧಡ್.

"ಇದು ಫೋನ್ ಎತ್ತದ ವಾಟರ್‌ಮ್ಯಾನ್‌ಗೆ!" ಧಡ್.

"ಇದು ನಮ್ಮತ್ತೇಗೆ!" ಎಂದಳು ಒಬ್ಬಳು ಹುರುಪಿನಲ್ಲಿ. ಅತ್ತೆ ಎದುರಿಗೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಇನ್ನೊಂದು ಹಿಡಿ ಹಿಡಿದು, "ಇದು ನಮ್ಮ ಸೊಸೇಗೆ!" ಎಂದು ಬಿಟ್ಟ ಏಟಿಗೆ ಪೈಪು ಗೇಣುದ್ದ ಇಳಿಯಿತು. ಅಲ್ಲಿಂದ ಕೆಲಸ ಓಡಿತು.

ಇಳಿಯುತ್ತಾ ಇಳಿಯುತ್ತಾ ಒಮ್ಮೆಲೇ ಸದ್ದು ಬದಲಾಯಿತು. ಟಣ್! ಪೈಪು ಮೇಲಕ್ಕೆ ಪುಟಿಯಿತು. ಮತ್ತೆ ಬಡಿದರೆ ಮತ್ತೆ ಟಣ್. ವೆಂಕಟಸುಬ್ಬಯ್ಯ ಕೈ ಎತ್ತಿ ನಿಲ್ಲಿಸಿದರು. "ಕಲ್ಲು. ಇನ್ನು ಬಡಿದ್ರೆ ಮೊನೆ ಮಡಚಿಕೊಳ್ಳುತ್ತೆ. ಕೀಳಬೇಕು."

ಎಲ್ಲರೂ ನಿಂಗಣ್ಣನ ಮುಖ ನೋಡಿದರು. ಅವನ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ನಿಂತದ್ದು ಅವನ ಕಾಯಿ. ಹೋಗುವ ಮಾನವೂ ಅವನದೇ.

"ಕಾಯಿ ನಿಂತಿದ್ದು ಇಲ್ಲೇ" ಎಂದ. "ಆದ್ರೆ ಜುಟ್ಟು ಆ ಕಡೆ ವಾಲಿತ್ತು. ನೀವ್ಯಾರೂ ನೋಡ್ಲಿಲ್ಲ. ಇನ್ನೂ ಮರದ ಕಡೆ ಹೋಗ್ಬೇಕು." ಎಂದವನೇ ಅಂಗಿ ಬಿಚ್ಚಿ ಮರಕ್ಕೆ ನೇತುಹಾಕಿದ. ಲಾರಿಯ ಜಾಕಿ ತಂದು, ಪೈಪಿಗೆ ಸರಪಳಿ ಬಿಗಿದು, ಇಂಚಿಂಚಾಗಿ ಎತ್ತಿ ಕಿತ್ತರು. ಮರದ ಬುಡಕ್ಕೆ ಸರಿದು ಮತ್ತೆ ನೆಟ್ಟರು. ಆ ಮಧ್ಯಾಹ್ನ ಊಟಕ್ಕೂ ಹೋಗದೆ ಬಡಿದವನು ನಿಂಗಣ್ಣನೇ. ಅವನ ಜೊತೆ ಹಿಡಿ ಹಿಡಿಯಲು ಗಂಡಸರು ಸರದಿ ಬದಲಾಯಿಸುತ್ತಿದ್ದರು, ಅವನು ಮಾತ್ರ ಬದಲಾಗಲಿಲ್ಲ.

ಈ ಸಲ ಟಣ್ ಬರಲಿಲ್ಲ. ಏಟಿನ ಸದ್ದು ಮಂದವಾಗಿ, ಒದ್ದೆ ಮೂಟೆಗೆ ಗುದ್ದಿದಂತಾಯಿತು. ವೆಂಕಟಸುಬ್ಬಯ್ಯ ಒಂದು ದಾರಕ್ಕೆ ನಟ್ಟು ಕಟ್ಟಿ ಪೈಪಿನೊಳಗೆ ಬಿಟ್ಟು ಕಿವಿಯಿಟ್ಟರು. ತಳದಿಂದ 'ಟಪ್' ಎಂದಿತು. ದಾರ ಎಳೆದರೆ ತುದಿ ಒದ್ದೆ. ಅವರು ಅದನ್ನು ಬೆರಳಿನಲ್ಲಿ ಮುಟ್ಟಿ, ಮೂಸಿ ನೋಡಿ, ಅಣ್ಣಮ್ಮನ ಕಡೆ ತಿರುಗಿ ಸುಮ್ಮನೆ ತಲೆಯಾಡಿಸಿದರು.

ಪಂಪು ಕೂರಿಸಿದರು. ಅದರ ವಾಷರ್ ನೆನೆದು ಗಾಳಿ ಸೋರದಂತೆ ಬಿಗಿಯಬೇಕಾದರೆ ಮೇಲಿನಿಂದ ನೀರು ಸುರಿಯಬೇಕು. ಯಮುನಾ ಟ್ಯಾಂಕರ್ ನೀರಿನ ಚೆಂಬು ತಂದು, ಕೊಡಲೋ ಬೇಡವೋ ಎಂಬಂತೆ ಎದೆಗೆ ಅವುಚಿಕೊಂಡಿದ್ದಳು.

"ಸುರಿಯೇ. ನೀರಮ್ಮನೂ ಲಂಚ ಇಲ್ದೆ ಬರಲ್ಲ" ಎಂದಳು ಅಣ್ಣಮ್ಮ.

ಹಿಡಿಯನ್ನು ಯಮುನಾಳ ಕೈಗೇ ಕೊಟ್ಟಳು. ಒತ್ತಿದಾಗ ಮೊದಲು ಗೊರಗೊರ. ಆಮೇಲೆ ಕೆಸರು, ರಾಗಿ ಅಂಬಲಿಯಂಥ ದಪ್ಪ ಕೆಸರು. ಯಾರೋ ಹಿಂದಿನಿಂದ, "ಕಾಫಿ ಬಂತು" ಎಂದರು. ವೆಂಕಟಸುಬ್ಬಯ್ಯ, "ನಿಲ್ಲಿಸಬೇಡಿ, ಒತ್ತಿ, ಒತ್ತಿ" ಎಂದರು. ಕೈ ಬದಲಾಯಿತು, ಮತ್ತೆ ಬದಲಾಯಿತು. ಕಾಫಿ ಟೀ ಆಯಿತು, ಟೀ ಮಜ್ಜಿಗೆಯಾಯಿತು. ನೆರಳು ಉದ್ದವಾಗುವ ಹೊತ್ತಿಗೆ ಯಮುನಾಳ ಚೆಂಬಿನ ತಳದಲ್ಲಿ ಕೊರೆಸಿದ್ದ ಅವಳ ಹೆಸರಿನ ಅಕ್ಷರಗಳು ನೀರಿನೊಳಗಿಂದ ಕಾಣಿಸಿದವು. ಯಮುನಾ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು. ಅಣ್ಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಈ ಸಲ ಯಾರೂ ಬೆನ್ನು ಸವರಲು ಬರಲಿಲ್ಲ.

ಸಂಜೆ ಯಮುನಾಳ ಜಗುಲಿಯ ಮೇಲೆ ನಿಂಗಣ್ಣ ಬೊಬ್ಬೆಯೆದ್ದ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದ. ಅಣ್ಣಮ್ಮ ಎಲೆಅಡಿಕೆ ತಟ್ಟೆ ಮುಂದಿಟ್ಟು, "ನಿನ್ನ ಕಾಯಿ ದೊಡ್ಡದು ಕಣೋ ನಿಂಗಣ್ಣ, ನನ್ನ ಕನಸು ಸೋತೋಯ್ತು" ಎಂದಳು, ಬಹಳ ಗಂಭೀರವಾಗಿ.

ನಿಂಗಣ್ಣ ತಲೆಯೆತ್ತಲಿಲ್ಲ. "ಹೊಂಗೆಮರದ ಕೆಳಗೆ ಮುಳ್ಳು ಎಲ್ಲಿಂದ ಬಂತೇ ಅಣ್ಣಮ್ಮ?"

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವಳು ತಲೆಯೆತ್ತಿದಳು.

"ಶಾಲೇಲಿ ನನ್ನ ಚಡ್ಡಿ ಬೆಂಚಿಗೆ ಗಂಟು ಹಾಕಿ 'ಮೇಷ್ಟ್ರು ಕರೀತಾವ್ರೆ' ಅಂದೋಳು ನೀನು. ನಿನ್ನ ಕೂಗು ನಂಗೊತ್ತಾಗಲ್ವಾ?" ಎಂದ ಅವನು. "ಹಳ್ಳದಲ್ಲಿ ನೀರಿಲ್ಲ ಅಂತ ನಾನೇ ಹೇಳ್ಬಿಟ್ಟಿದ್ದೆ. ಮನೇಲಿ ಅವಳು ಖಾಲಿ ಕೊಡ ಕುಕ್ಕಿದಾಗೆಲ್ಲ ನನ್ನೇ ಕುಕ್ಕಿದಂಗೆ ಆಗೋದು. ಹೇಳಿದ ಮಾತು ನುಂಗೋದು ಹೆಂಗೆ? ನೀನು ಗುಟ್ಟು ಬಿಟ್ಟೆ, ಅವಳು ಓಡಿಬಂದು ನನ್ನ ಕಿವೀಲಿ ಹಾಕಿದ್ಲು. ಇದಕ್ಕಿಂತ ಒಳ್ಳೆ ದಾರಿ ಸಿಗಲ್ಲ ಅಂತ ಕಾಯೀನ ಎಬ್ಬಿಸ್ದೆ."

ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದ ಅಣ್ಣಮ್ಮನಿಗೆ ಯಾರೋ ಹಿಂದಿನಿಂದ ಬಂದು ಮೆಲ್ಲಗೆ ಟೋಪಿ ಇಟ್ಟು ಹೋದಂತಾಯಿತು. ಅವಳು ನಗಲು ಶುರುಮಾಡಿದಳು. ಅವನೂ ನಕ್ಕ. ಒಳಗಿದ್ದ ವೆಂಕಟಸುಬ್ಬಯ್ಯ ಏನಾಯಿತೆಂದು ಓಡಿಬಂದರು.

ನೀರನ್ನು ಬಾಟಲಿಗೆ ತುಂಬಿಸಿ ಪ್ರಯೋಗಾಲಯಕ್ಕೆ ಕೊಟ್ಟು ಬಂದವರೂ ವೆಂಕಟಸುಬ್ಬಯ್ಯನವರೇ. ಬಳಕೆಗೆ ಚೆನ್ನಾಗಿದೆ, ಕುಡಿಯುವುದಾದರೆ ಕುದಿಸಿ ಎಂದರು ಅಲ್ಲಿ. ಪಂಪಿನ ಸುತ್ತ ಕಟ್ಟೆ ಕಟ್ಟಿಸಿದರು. ದನ ತೊಳೆಯುವುದನ್ನು ಕೆಳಗಿನ ಕಡೆ ಮಾಡಬೇಕೆಂದು ಊರೇ ಒಪ್ಪಿಕೊಂಡಿತು. ಟ್ಯಾಂಕರು ಈಗಲೂ ಬರುತ್ತದೆ. ಆದರೆ ಅದಕ್ಕಾಗಿ ಯಾರೂ ಹುಟ್ಟುಹಬ್ಬ ತಪ್ಪಿಸುವುದಿಲ್ಲ.

ಅಕ್ಕಪಕ್ಕದ ಊರುಗಳಿಂದಲೂ ಕರೆ ಬಂದವು. ಅಣ್ಣಮ್ಮ, ನಿಂಗಣ್ಣ, ವೆಂಕಟಸುಬ್ಬಯ್ಯ ಒಟ್ಟಿಗೇ ಹೋಗುತ್ತಾರೆ. ವೆಂಕಟಸುಬ್ಬಯ್ಯ ಮೊದಲು ಕಬ್ಬಿಣದ ಸಲಾಕೆ ಚುಚ್ಚಿ ನೋಡುತ್ತಾರೆ. ಮರಳು ಸಾಕಷ್ಟಿದ್ದರೆ ಅಣ್ಣಮ್ಮ ಕೆಮ್ಮುತ್ತಾಳೆ. ಕೆಮ್ಮಿದ ಕಡೆ ನಿಂಗಣ್ಣನ ಕಾಯಿ ಏಳುತ್ತದೆ. ಒಂದೂರಿನಲ್ಲಿ ಅವಳಿಗೆ ನಿಜವಾದ ಕೆಮ್ಮೇ ಬಂದು, ಕಾಯಿ ಪಂಚಾಯ್ತಿ ಆಫೀಸಿನ ಮೆಟ್ಟಿಲ ಮೇಲೆ ಎದ್ದು ನಿಂತು ದೊಡ್ಡ ಗಲಾಟೆಯಾಯಿತು. ಮೊಳದ ಕೆಳಗೇ ಬಂಡೆಯಿರುವ ಊರುಗಳಲ್ಲಿ ಮಾತ್ರ ಅವಳು ಆಟ ಆಡುವುದಿಲ್ಲ. "ಇಲ್ಲಿ ಆಗಲ್ಲಪ್ಪ, ಮಳೆನೀರು ಹಿಡಿಯೋ ದಾರಿ ನೋಡಿ" ಎಂದು ನೇರ ಹೇಳಿ ಎದ್ದು ಬರುತ್ತಾಳೆ. ನೀರಿನ ಆಸೆ ತೋರಿಸಿ ಕೈಕೊಡುವುದು ಅವಳ ಸುಳ್ಳುಗಳ ಪಟ್ಟಿಯಲ್ಲಿಲ್ಲ.

ಮೊನ್ನೆ ಇಂದಿರಾನಗರದಿಂದ ಸುನಿಲ್ ಎಂಬ ಯೂಟ್ಯೂಬಿನ ಹುಡುಗ ಕ್ಯಾಮೆರಾ ಹಿಡಿದು ಸೊಣ್ಣಕುಂಟೆಗೆ ಬಂದ. "ಅಮ್ಮ, ನೀರು ಇಲ್ಲೇ ಇದೆ ಅಂತ ಹೇಗೆ ಗೊತ್ತಾಯ್ತು, ಹೇಳಿ" ಎಂದ. ವೆಂಕಟಸುಬ್ಬಯ್ಯ ಉತ್ತರ ಹೇಳಲು ಉಸಿರೆಳೆದುಕೊಂಡರು. ಅಣ್ಣಮ್ಮ ಅವರಿಗಿಂತ ಮುಂಚೆ ಬಾಯಿ ತೆರೆದಳು.

"ಮರಳಿಗೆ ಎಡಗಿವಿ ಇಟ್ಟು ಮಲಗ್ಬೇಕಪ್ಪ. ಹೊಟ್ಟೇಲಿ ಏನೂ ಇರಬಾರ್ದು. ನೀರಿದ್ರೆ ಹೆಸರು ಹಿಡಿದು ಕರೆಯುತ್ತೆ."

ವಿಡಿಯೋ ಬಂದ ಮೇಲಿನ ಭಾನುವಾರ ಹಳ್ಳದ ದಂಡೆಯಲ್ಲಿ ಕಾರುಗಳು ನಿಂತವು. ಒಳ್ಳೊಳ್ಳೆ ಬಟ್ಟೆ ತೊಟ್ಟ ಏಳೆಂಟು ಜನ ಮರಳಿನ ಮೇಲೆ ಎಡಗಿವಿಯಿಟ್ಟು ಸಾಲಾಗಿ ಮಲಗಿದ್ದರು. ಯಮುನಾ ಕೊಡ ಹಿಡಿದು ಬಂದವಳು ಬೆಚ್ಚಿ ನಿಂತಳು. ಅಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ಅವರ ನಡುವೆ ಓಡಾಡುತ್ತಾ ಕೇಳಿದಳು:

"ಏನಾದ್ರೂ ಕೇಳಿಸ್ತಾ?"

"ಹೂಂ ಅಮ್ಮ," ಎಂದ ಒಬ್ಬ ಕಣ್ಣು ಮುಚ್ಚಿಕೊಂಡೇ, "ಏನೋ ಕೇಳಿಸ್ತಾ ಇದೆ."

"ಹಂಗಾದ್ರೆ ಕೇಳಿಸ್ದೋರೆಲ್ಲ ಎದ್ದು ಬನ್ನಿ, ಯಮುನಮ್ಮಂಗೆ ನಾಲ್ಕು ನಾಲ್ಕು ಕೊಡ ಹೊಡ್ಕೊಡಿ.‌ ನೀರು ನಿಮ್ಮನ್ನೇ ಕರೀತಿರೋದು."

ಎಲ್ಲರೂ ಮರಳು ಕೊಡವಿಕೊಂಡು ಎದ್ದು, ಪಂಪಿನ ಮುಂದೆ ಸಾಲಾಗಿ ನಿಂತರು.